ಕಾರಕೂನನ ಕಿರ್ದಿ: ರಾವಸಾಹೇಬರ ಮರಾಠಿ

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ವಿಷಯವಾಗಿ ನಾನು ಬರೆದದ್ದನ್ನು ಓದಿ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಲಕ್ಷ್ಮೀ ರಸ್ತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. “ಅಲ್ರೀ, ನಿಮ್ಮ ಕಿರ್ದಿಯೊಳಗ ಬರೇ ಖರ್ಚಿನ ಬಾಜೂನ ಕಾಣತದ. ಜಮಾ ಬಾಜೂಕ ಏನೂ ಇಲ್ಲೇನು?” ಎಂದು ಕೇಳಿದರು. ಒಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದರಲ್ಲಿ ಮಗಳ ಕೈ. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಕೊಡುತ್ತಿದ್ದೇನೆ. ಈ ಸಲದ್ದು ಜಮೆಯೇ ಸರಿ. ಆದರೆ ಖರ್ಚು ತೋರಿಸದೆ ಜಮೆ ಬರೆಯುವ ರೂಢಿ ಕಾರಕೂನನಿಗೆ ಇಲ್ಲವಾದಕಾರಣ, ಮೊದಲು ಖರ್ಚಿನ ಮಾತು.

ನಮ್ಮ ಸೊಸಾಯಿಟಿಯ ಗಣೇಶೋತ್ಸವದಲ್ಲಿ ಪ್ರತಿವರ್ಷ ಒಂದು ಸಂಜೆ ಮಕ್ಕಳ ಕಾರ್ಯಕ್ರಮ. ಹಾಡು, ಕುಣಿತ, ಶ್ಲೋಕ, ನಡುವೆ ಮೈಕು ಕೆಡುವುದು, ಇವೆಲ್ಲ ಯಥಾಪ್ರಕಾರ. ಈ ವರ್ಷ ಹತ್ತು ವಯಸ್ಸಿನ ನಮ್ಮ ಮಗಳು ತಾನು ‘ಸ್ಟ್ಯಾಂಡಪ್’ ಮಾಡುವೆನೆಂದು ಹೆಸರು ಕೊಟ್ಟಿದ್ದಳು. ಮೊಬೈಲು ಹಿಡಿಯದ ಹಿರಿಯ ವಾಚಕರಿಗಾಗಿ ಹೇಳುತ್ತೇನೆ: ವೇಷವಿಲ್ಲ, ಪರದೆಯಿಲ್ಲ, ತಬಲಾ ಪೇಟಿ ಏನೂ ಇಲ್ಲ. ಒಬ್ಬರು ಮೈಕು ಹಿಡಿದು ನಿಂತು ತಮ್ಮ ಮನೆಯದೋ ಮಂದಿಯದೋ ಮಾತು ತೆಗೆದು ಜನರನ್ನು ನಗಿಸುತ್ತಾರೆ. ಈಗ ಇದೇ ಒಂದು ಉದ್ಯೋಗ. ಇದರಲ್ಲಿ ಹೆಸರು ಮಾಡಿದವರು ಪುಸ್ತಕವನ್ನೂ ಬರೆಯುತ್ತಾರೆ, ಪಾಡ್‌ಕಾಸ್ಟ್ ಎಂಬ ಹೆಸರಿನಿಂದ ಗಂಟೆಗಟ್ಟಲೆ ಹರಟೆಯನ್ನೂ ಹೊಡೆಯುತ್ತಾರೆ. ಮಗಳು ಕಿವಿಯಲ್ಲಿ ಗುಂಡಿಗಳನ್ನು ಸಿಕ್ಕಿಸಿಕೊಂಡು ಅದನ್ನು ಕೇಳುತ್ತ ತನ್ನಷ್ಟಕ್ಕೆ ನಗುವುದನ್ನು ಕಂಡು, ಊರಿನಿಂದ ಬಂದ ನಮ್ಮ ತಾಯಿಯವರು ಮೊದಲ ದಿನ ಗಾಬರಿಯಾಗಿದ್ದರು.

ಮಗಳು ಆರಿಸಿಕೊಂಡ ವಿಷಯ ‘ಮಾಝೇ ಬಾಬಾ’. ಅಂದರೆ ನಾನು. ಇನ್ನೂ ನಿಖರವಾಗಿ ಹೇಳುವುದಾದರೆ, ನನ್ನ ಮರಾಠಿ.

ಮೂರನೆಯ ಸಾಲಿನ ಪ್ಲಾಸ್ಟಿಕ್ ಖುರ್ಚಿಯಲ್ಲಿ ನಾನು ಕುಳಿತಿದ್ದೆ. ಐದು ನಿಮಿಷ ಸೊಸಾಯಿಟಿಗೆ ಸೊಸಾಯಿಟಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ನಗದೆ ಹೇಗಿರಲಿ? ಎಲ್ಲರೂ ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಬೇಕು. ಕನ್ನಡದಲ್ಲಿ ನಮ್ಮ ಹಿರಿಯರು ನಮಗೊಂದು ದೊಡ್ಡ ಉಪಕಾರ ಮಾಡಿಟ್ಟಿದ್ದಾರೆ. ಮನುಷ್ಯರಲ್ಲಿ ಗಂಡು ಗಂಡೇ, ಹೆಣ್ಣು ಹೆಣ್ಣೇ. ಉಳಿದ ಜಗತ್ತೆಲ್ಲ ‘ಅದು’. ಮರಾಠಿಯಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಚಹಾ ಗಂಡಸು, ಕಾಫಿ ಹೆಂಗಸು, ಇವೆರಡರಲ್ಲೂ ಬೀಳುವ ಹಾಲು ನಪುಂಸಕ. ನನ್ನ ಮೇಜನ್ನೇ ನೋಡಿರಿ. ಅರ್ಜ ಪುಲ್ಲಿಂಗ, ಫೈಲು ಸ್ತ್ರೀಲಿಂಗ, ಪತ್ರ ನಪುಂಸಕಲಿಂಗ. ಆದ್ದರಿಂದ ಅರ್ಜ ‘ಆಲಾ’, ಫೈಲು ‘ಆಲೀ’, ಪತ್ರ ‘ಆಲೇ’. ಸಾಹೇಬರೂ ‘ಆಲೇ’, ಆದರೆ ಆ ‘ಆಲೇ’ ಬೇರೆ, ಈ ‘ಆಲೇ’ ಬೇರೆ, ಪತ್ರಕ್ಕೆ ಹಚ್ಚಿದ್ದು ಲಿಂಗ, ಸಾಹೇಬರಿಗೆ ಹಚ್ಚಿದ್ದು ಮರ್ಯಾದೆ. ಧಾರವಾಡದಲ್ಲಿ ಬಿ.ಎ. ಮಾಡಿ, ನೇಮಕದ ಕಾಗದ ಹಿಡಿದು ಈ ಊರಿಗೆ ಬಂದ ಇಪ್ಪತ್ತೈದರ ಹುಡುಗನೊಬ್ಬನು ಇದನ್ನೆಲ್ಲ ಎಲ್ಲಿ ಕಲಿಯಬೇಕು? ಒಂದು ದಿನ ಗಡಿಬಿಡಿಯಲ್ಲಿ ವಿಭಾಗದ ಬಾಗಿಲಲ್ಲಿ ನಿಂತು, “ಫಾಯಿಲ ಆಲಾ, ಸಾಹೇಬ ಆಲೀ!” ಎಂದು ಸಾರಿಬಿಟ್ಟೆ. ಫೈಲನ್ನು ಗಂಡು ಮಾಡಿ ಸಾಹೇಬರನ್ನು ಹೆಣ್ಣು ಮಾಡಿದ್ದೆ. ಸಾಹೇಬರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಅದಕ್ಕೆ ಅವರು ಏನೂ ಅನ್ನಲಿಲ್ಲ. ಆದರೆ ಆ ವರ್ಷದ ಸ್ನೇಹಸಮ್ಮೇಳನದಲ್ಲಿ ಸಹೋದ್ಯೋಗಿಯೊಬ್ಬರು ವೇದಿಕೆ ಹತ್ತಿ ನನ್ನ ಮರಾಠಿಯ ನಕಲು ಮಾಡಿದರು. ಬರೇ ಆ ಒಂದು ವಾಕ್ಯವಲ್ಲ. ನಾನು ಮಾತಾಡುವಾಗ ಶಬ್ದದ ಕೊನೆಯನ್ನು ಎಳೆಯುವುದು, ತಲೆ ಅಲ್ಲಾಡಿಸುವುದು, ‘ಹೌದಲ್ಲ’ ಎಂಬುದನ್ನು ಮರಾಠಿಯ ನಡುವೆ ತುರುಕುವುದು, ಎಲ್ಲವೂ. ಅಂದೂ ನಾನು ನಕ್ಕಿದ್ದೆ. ರಾತ್ರಿ ಊಟ ಸೇರಲಿಲ್ಲ. ಆ ಮೇಲೆ ಒಂದು ವರ್ಷದ ತನಕ ಕಚೇರಿಯಲ್ಲಿ ಹಿಂದಿಯಲ್ಲೇ ವ್ಯವಹರಿಸಿದೆನೆಂಬುದನ್ನು ಯಾರಿಗೂ ಹೇಳಿರಲಿಲ್ಲ. ವಾಚಕರಲ್ಲಿ ಹಲವರಿಗೆ ಇಂಥದೊಂದು ವರ್ಷ ಇದ್ದಿರಬಹುದು. ಕಾಯಿಪಲ್ಲೆ ಕೊಳ್ಳುವಾಗ ಬೆರಳು ತೋರಿಸಿ ಕೊಂಡ ಗೃಹಿಣಿಯರೂ ಇದ್ದಾರು.

ಮಗಳಿಗೆ ‘ಸಾಹೇಬ ಆಲೀ’ ಗೊತ್ತಾದದ್ದು ನನ್ನಿಂದಲೇ. ಊಟದ ಹೊತ್ತಿನಲ್ಲಿ ಎಂದೋ ನಗುತ್ತ ಹೇಳಿದ್ದೆ. ಸ್ನೇಹಸಮ್ಮೇಳನದ ಭಾಗವನ್ನು ಹೇಳಿರಲಿಲ್ಲ.

ಮನೆಗೆ ಬಂದೆವು. ಮಗಳು ಬಹುಮಾನದ ಡಬ್ಬಿಯನ್ನು ತೆಗೆದು ತೋರಿಸಿದಳು. ನಾನು “ಚಲೋ ಆತು” ಎಂದಷ್ಟೇ ಹೇಳಿ ಅಂಗಿ ಬದಲಿಸಲು ಹೋದೆ. ನಮ್ಮಾಕೆ ಬಾಗಿಲ ಬಳಿಗೆ ಬಂದು ದನಿ ತಗ್ಗಿಸಿ ಕೇಳಿದಳು:

“ಸಿಟ್ಟು ಬಂದದೇನ್ರಿ?”

“ಸಿಟ್ಟು ಯಾಕ ಬರತದ? ನಾನೂ ನಕ್ಕೆನಲ್ಲ.”

“ಅದು ನಗಿ ಅಲ್ಲ, ನನಗ ಗೊತ್ತಿಲ್ಲೇನು? ಹಲ್ಲು ತೋರಸಿದ್ರಿ ಅಷ್ಟ.”

ಆ ರಾತ್ರಿ ಮಾತು ಅಲ್ಲಿಗೇ ನಿಂತಿತು. ಇದು ಖರ್ಚಿನ ಬಾಜು.

ಮರುದಿನ ಸಂಜೆ ನೆರೆಮನೆಯ ಮಾಸ್ತರರು ಬಂದರು. ಮರಾಠಿ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಹಿಂದಿನ ಸಂಜೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರೂ ಅವರೇ. ಮಗಳ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, “ನೀವು ರಾವಸಾಹೇಬರನ್ನು ಕೇಳಿದ್ದೀರಷ್ಟೆ?” ಎಂದು ಮರಾಠಿಯಲ್ಲಿ ವಿಚಾರಿಸಿದರು. ಯಾವ ರಾವಸಾಹೇಬರು ಎಂದು ನಾನು ಕೇಳಿದ್ದೇ ತಡ, ಹನ್ನೆರಡು ವರ್ಷ ಪುಣೆಯ ನೀರು ಕುಡಿದವನು ಹೀಗೆ ಕೇಳಬಹುದೇ ಎಂಬಂತೆ ಅವರ ಮುಖ ಕಪ್ಪಾಯಿತು. ತಮ್ಮ ಮೊಬೈಲು ತೆಗೆದು ಮೇಜಿನ ಮೇಲಿಟ್ಟು ಹಚ್ಚಿಯೇಬಿಟ್ಟರು. ಪು. ಲ. ದೇಶಪಾಂಡೆಯವರ ಧ್ವನಿ; ಹಿಂದೆ ತುಂಬಿದ ಸಭೆಯ ನಗು.

ಪು.ಲ. ಎಂಬ ಹೆಸರನ್ನು ನಾನು ಕೇಳಿರಲಿಲ್ಲವೆಂದಲ್ಲ. ಸಿಂಹಗಡ ರಸ್ತೆಯ ಅವರ ಹೆಸರಿನ ಉದ್ಯಾನಕ್ಕೆ ಮಗಳನ್ನು ಎಷ್ಟೋ ಸಲ ಕರೆದೊಯ್ದಿದ್ದೇನೆ. ಆದರೆ ಉದ್ಯಾನದಲ್ಲಿ ತಿರುಗಾಡಿದರೆ ಮನುಷ್ಯನ ಪರಿಚಯವಾಗುವುದಿಲ್ಲ.

ರಾವಸಾಹೇಬರೆಂದರೆ ಬೆಳಗಾವಿಯ ಕೃಷ್ಣರಾವ್ ಹರಿಹರ ಎಂಬ ಗೃಹಸ್ಥರು. ‘ಗಣಗೋತ’ ಎಂಬ ಪುಸ್ತಕದಲ್ಲಿ ಪು.ಲ. ಅವರ ವ್ಯಕ್ತಿಚಿತ್ರವನ್ನು ಬರೆದಿದ್ದಾರೆ. ಬರೆದದ್ದನ್ನೇ ವೇದಿಕೆಯ ಮೇಲೆ ನಿಂತು ಹೇಳಿದ್ದೂ ಉಂಟು. ನಾಟಕ ಸಂಗೀತಗಳೆಂದರೆ ಪ್ರಾಣ ಬಿಡುವ ಮನುಷ್ಯ. ಬಾಯಿ ಒರಟು, ಬೈಗಳಿಗೆ ಬರಗಾಲವಿಲ್ಲ. ಮನಸ್ಸು ಮಾತ್ರ ಬೆಣ್ಣೆ. ಆಡುವುದು ಮರಾಠಿ, ಆದರೆ ಅದರ ಎಳೆತ, ಏರಿಳಿತ, ಹಟ ಎಲ್ಲವೂ ಕನ್ನಡದ್ದು. ಲಿಂಗಗಳನ್ನಂತೂ ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾವ ವಸ್ತು ಗಂಡು, ಯಾವುದು ಹೆಣ್ಣು ಎಂಬ ತಕರಾರನ್ನು ಪುಣೆಯ ಪಂಡಿತರಿಗೆ ಬಿಟ್ಟುಕೊಟ್ಟು, ತಮ್ಮ ಮಾತನ್ನು ಎತ್ತಿನ ಗಾಡಿಯಂತೆ ನೇರವಾಗಿ ಹೊಡೆಯುತ್ತಾರೆ.

ಒಳಗೆ ದೇವರಿಗೆ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ತಾಯಿಯವರು ಹೊರಗೆ ಬಂದರು. ಅವರಿಗೆ ಮರಾಠಿ ಬಾರದು. ‘ಪಾಣಿ’, ‘ಭಾಜಿ’ ಬಿಟ್ಟರೆ ಮೂರನೆಯ ಶಬ್ದ ಗೊತ್ತಿಲ್ಲ. ಬಾಗಿಲಿಗೆ ಒರಗಿ ಎರಡು ನಿಮಿಷ ಕೇಳಿದರು. ಆ ಮೇಲೆ ಬತ್ತಿಯ ತಟ್ಟೆ ಕೆಳಗಿಟ್ಟು ನಗತೊಡಗಿದರು.

“ಯಾರೋ ಇಂವ? ನಮ್ಮ ರಾಮದುರ್ಗದ ಕಾಕಾ ಮಾತಾಡಿಧಂಗ ಮಾತಾಡ್ತಾನಲ್ಲೋ! ಇಂವ ನಮ್ಮ ಕಡಿಯಾಂವನ ಇರಬೇಕು.”

ಮಾಸ್ತರರಿಗೆ ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಅವರು ಮೊಬೈಲನ್ನು ನಿಲ್ಲಿಸಿ, ನಮ್ಮ ತಾಯಿಯವರನ್ನು ದಿಟ್ಟಿಸಿ ನೋಡಿ, ಕೈಮುಗಿದರು. ಪು.ಲ. ಅವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿರಲಾರದೆಂದರು.

ಮಾಸ್ತರರು ಹೋದ ಮೇಲೆ ಸುಮಾರು ಒಂದು ತಿಂಗಳು ನಾನು ಈ ಮನುಷ್ಯನ ಬೆನ್ನು ಹತ್ತಿದೆ. ಸ್ನೇಹಿತರಿಂದ ಪುಸ್ತಕ ತಂದೆ. ಬಸ್ಸಿನಲ್ಲಿ ಕೂತು ಧ್ವನಿಮುದ್ರಿಕೆ ಕೇಳಿದೆ. ತಿಳಿದ ಸಂಗತಿಗಳಲ್ಲಿ ನಮ್ಮವರಿಗೆ ಹೇಳಲೇಬೇಕಾದವು ಕೆಲವಿವೆ.

ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರು ಹುಟ್ಟಿದ್ದು ಮುಂಬಯಿಯಲ್ಲಿ, 1919ರ ನವೆಂಬರ 8ರಂದು. ಬೆಳೆದದ್ದು ಜೋಗೇಶ್ವರಿ, ಪಾರ್ಲೆಗಳಲ್ಲಿ. ಅವರ ತಾಯಿಯ ತಂದೆ ಕಾರವಾರದವರು: ವಾಮನ ಮಂಗೇಶ ದುಭಾಷಿ, ‘ಋಗ್ವೇದಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ವಿದ್ವಾಂಸರು, ಟಾಗೋರರ ಗೀತಾಂಜಲಿಯನ್ನು ಮರಾಠಿ ಅಭಂಗಗಳಲ್ಲಿ ಇಳಿಸಿದವರು. ತಂದೆಯ ಮನೆತನ ಚಂದಗಡದ ಕಡೆಯದು. 1956ರ ವರೆಗೆ ಚಂದಗಡವು ಬೆಳಗಾವಿ ಜಿಲ್ಲೆಯದೇ ಒಂದು ತಾಲೂಕಾಗಿತ್ತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ! ಹೀಗೆ ಎರಡೂ ಕಡೆಯಿಂದ ನಮ್ಮ ನೆರೆಯವರು. ಇದನ್ನು ಹಿಡಿದುಕೊಂಡು ಅವರನ್ನು ಕನ್ನಡಿಗರೆಂದು ಸಾಧಿಸಹೊರಡುವುದು ಹುಡುಗಾಟ; ಅವರು ಅಡಿಯಿಂದ ಮುಡಿಯ ತನಕ ಮರಾಠಿಯವರು. ಆದರೆ ನಮ್ಮ ಗಾಳಿ ಅವರಿಗೆ ಹೊಸದಲ್ಲ ಎಂಬಷ್ಟನ್ನು ಹೇಳಲಡ್ಡಿಯಿಲ್ಲ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಿ.ಎ. ಆದರು. ಮುಂಬಯಿಯ ಓರಿಯಂಟ್ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದರು. ಸಿನೇಮಾಕ್ಕೆ ಹೋದರು. 1953ರಲ್ಲಿ ಬಂದ ‘ಗುಳಾಚಾ ಗಣಪತಿ’ ಎಂಬ ಚಿತ್ರದಲ್ಲಿ ಕಥೆ, ಸಂಗೀತ, ನಿರ್ದೇಶನ, ನಾಯಕನ ಪಾತ್ರ ಎಲ್ಲವೂ ಅವರವೇ. ಆ ಚಿತ್ರದಲ್ಲಿ ಇಂದ್ರಾಯಣೀ ನದಿಯ ದಂಡೆಯನ್ನು ಕುರಿತ ಹಾಡೊಂದಿದೆ. ಇಂದಿಗೂ ಇಲ್ಲಿಯವರು ಅದನ್ನು ಕೇಳಿದರೆ ಕಣ್ಣು ಮುಚ್ಚುತ್ತಾರೆ. ರಾಗ ಹಾಕಿದವರು ಪು.ಲ., ಹಾಡಿದವರು ನಮ್ಮ ಗದಗಿನ ಭೀಮಸೇನ ಜೋಶಿಯವರು. ಆ ವಿಠ್ಠಲನ ಹಾಡಿಗೆ ಕನ್ನಡದ ಕಂಠವೇ ಬೇಕಾಯಿತು. ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರೂ ಪು.ಲ. ಅವರ ಆಪ್ತ ಸ್ನೇಹಿತರೇ.

ಇದರ ನಡುವೆ ಬೆಳಗಾವಿ ಬಂತು. ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅವರು ಕೆಲಕಾಲ ಪ್ರಾಧ್ಯಾಪಕರಾಗಿದ್ದರು. ನನ್ನ ಮಟ್ಟಿಗೆ ಅವರ ಬಾಳಿನ ಮುಖ್ಯ ಅಧ್ಯಾಯ ಇದೇ. ಹೊರಗಿನಿಂದ ಬಂದು, ನಮ್ಮ ಮಂದಿಯ ನಡುವೆ ಮನೆ ಮಾಡಿ, ಅವರ ಬಾಯಲ್ಲಿ ಮರಾಠಿ ಹೇಗೆ ಹೊರಳುತ್ತದೆಂಬುದನ್ನು ಕಿವಿಗೊಟ್ಟು ಕೇಳಿದರು. ಬೆಳಗಾವಿಯೆಂಬ ಹೆಸರು ಬಂದೊಡನೆ ಈ ಕಡೆಯವರ ಹುಬ್ಬೂ ಗಂಟಾಗುತ್ತದೆ, ಆ ಕಡೆಯವರ ಹುಬ್ಬೂ ಗಂಟಾಗುತ್ತದೆ. ರಾವಸಾಹೇಬರ ಬಾಯಲ್ಲಿ ಮಾತ್ರ ಎರಡೂ ಭಾಷೆಗಳು ಒಂದೇ ತಾಟಿನಲ್ಲಿ ಉಣ್ಣುತ್ತವೆ.

1955ರಲ್ಲಿ ಆಕಾಶವಾಣಿ ಸೇರಿದರು. 1959ರಲ್ಲಿ ದಿಲ್ಲಿಯಲ್ಲಿ ದೂರದರ್ಶನ ಹುಟ್ಟಿದಾಗ ಅಲ್ಲಿಯೂ ಕೆಲಸ ಮಾಡಿದರು. ಭಾರತದ ದೂರದರ್ಶನದಲ್ಲಿ ಪಂಡಿತ ನೆಹರೂ ಅವರನ್ನು ಮೊಟ್ಟಮೊದಲು ಸಂದರ್ಶಿಸಿದವರು ಇವರೇ. ಅಂದರೆ ಮೈಕಿನ ಮುಂದೆ ದೊಡ್ಡವರನ್ನು ಕೂರಿಸಿಕೊಂಡು ಮಾತಾಡಿಸುವ ಇಂದಿನ ಪಾಡ್‌ಕಾಸ್ಟ್‌ನವರಿಗೆ ಇವರು ಅಜ್ಜನಾಗಬೇಕು. ಮಗಳಿಗೆ ಹೀಗೆ ಹೇಳಿದೆ. “ಅಜ್ಜಂದು ಸಬ್‌ಸ್ಕ್ರೈಬರ್ ಎಷ್ಟು?” ಎಂದು ಕೇಳಿದಳು. ಅವಳ ಲೆಕ್ಕ ಅವಳಿಗೆ.

ಆ ಮೇಲೆ 1961ರಲ್ಲಿ ‘ಬಟಾಟ್ಯಾಚೀ ಚಾಳ’. ಮುಂಬಯಿಯ ಚಾಳೊಂದರ ಸಂಸಾರಗಳನ್ನು ಕುರಿತು 1958ರಲ್ಲಿ ಪುಸ್ತಕ ಬರೆದಿದ್ದರು. ಅದನ್ನೇ ಒಬ್ಬರೇ ವೇದಿಕೆಯ ಮೇಲೆ ನಿಂತು ಆಡಿ ತೋರಿಸಿದರು. ಚಾಳಿನ ಎಲ್ಲ ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಒಂದೇ ಕಂಠದಲ್ಲಿ! ಕೀರ್ತನಕಾರರನ್ನೂ ಹರಿದಾಸರನ್ನೂ ಕಂಡ ನಮಗೆ ಒಬ್ಬನೇ ನಿಂತು ಸಭೆಯನ್ನು ಹಿಡಿಯುವ ವಿದ್ಯೆ ಹೊಸದಲ್ಲ. ಆದರೆ ದೇವರ ಕಥೆಯ ಸ್ಥಾನದಲ್ಲಿ ನಲ್ಲಿಯ ನೀರಿನ ಜಗಳವನ್ನೂ, ಉಪವಾಸ ಮಾಡಿ ತೂಕ ಇಳಿಸಹೋದವನ ಪಜೀತಿಯನ್ನೂ ಇಟ್ಟು ಎರಡು ಮೂರು ತಾಸು ಜನರನ್ನು ಕೂರಿಸಿದ್ದು ಹೊಸದು. ಮರುವರ್ಷ ‘ವಾರ್‍ಯಾವರಚೀ ವರಾತ’. ಮುಂದೆ ‘ಅಸಾ ಮೀ ಅಸಾಮೀ’ಯನ್ನೂ ಒಬ್ಬರೇ ಆಡಿದರು. ಅದರ ನಾಯಕ ಧೋಂಡೋಪಂತ ಜೋಶಿ ಒಬ್ಬ ಕಾರಕೂನ. ಓದುತ್ತ ಓದುತ್ತ ನನಗೆ ಎರಡು ಸಲ ಸುತ್ತಲೂ ನೋಡಬೇಕಾಯಿತು. ಇವರು ನಮ್ಮ ವಿಭಾಗಕ್ಕೆ ಯಾವಾಗ ಬಂದಿದ್ದರಪ್ಪ ಎಂದು.

‘ವ್ಯಕ್ತಿ ಆಣಿ ವಲ್ಲೀ’ ಪುಸ್ತಕಕ್ಕೆ 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1966ರಲ್ಲಿ ಪದ್ಮಶ್ರೀ, 1990ರಲ್ಲಿ ಪದ್ಮಭೂಷಣ. ಪ್ರಶಸ್ತಿಗಳ ಮಾತು ಇಷ್ಟು ಸಾಕು. ದುಡಿದ ದುಡ್ಡನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ದಾನಕ್ಕೆ ಹಚ್ಚಿದರು ಎಂಬುದನ್ನು ಮಾತ್ರ ಬಿಡಲಾಗದು. ವ್ಯಸನಕ್ಕೆ ಬಿದ್ದವರನ್ನು ಬಿಡಿಸುವ ಪುಣೆಯ ‘ಮುಕ್ತಾಂಗಣ’ ಸಂಸ್ಥೆ 1986ರಲ್ಲಿ ಆರಂಭವಾದದ್ದು ಅವರ ನೆರವಿನಿಂದ. ಪತ್ನಿ ಸುನೀತಾಬಾಯಿಯವರು ಸಾಮಾನ್ಯ ಸ್ತ್ರೀಯಲ್ಲ. ಗಂಡನ ಹಣ, ಹಕ್ಕು, ಹೊತ್ತುಗೊತ್ತುಗಳ ಲೆಕ್ಕವೆಲ್ಲ ಅವರದು. 1990ರಲ್ಲಿ ಬಂದ ಅವರ ‘ಆಹೇ ಮನೋಹರ ತರೀ’ ಎಂಬ ಆತ್ಮಕಥನವನ್ನು ಗಂಡಸರು ಓದಬೇಕು. ಲೋಕವನ್ನೆಲ್ಲ ನಗಿಸುವವನ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಹೇಗಿರುತ್ತದೆಂಬುದು ಅದರಲ್ಲಿದೆ. ನಮ್ಮಾಕೆ ಅದನ್ನು ಎರಡೇ ದಿನದಲ್ಲಿ ಓದಿ ಮುಗಿಸಿ, ನನ್ನನ್ನು ಒಂದು ತರಹ ನೋಡಿದಳು. ಅವರ ಮದುವೆ 1946ರ ಜೂನ್ 12ರಂದು, ಪು.ಲ. ಪುಣೆಯಲ್ಲಿ ತೀರಿಕೊಂಡದ್ದು 2000ದ ಜೂನ್ 12ರಂದು.

ಪು.ಲ. ಎಲ್ಲರಿಗೂ ಹಿಡಿಸುತ್ತಾರೆಂದು ನಾನು ಹೇಳುವುದಿಲ್ಲ. ಅವರ ಲೋಕ ಬಹುಮಟ್ಟಿಗೆ ಗಿರಗಾಂವ, ಪಾರ್ಲೆ, ಪುಣೆಗಳ ಮಧ್ಯಮವರ್ಗದ ಮನೆಯಂಗಳ. ಅದರಾಚೆಯ ಕಷ್ಟ ಅಲ್ಲಿ ಕಡಮೆ ಎಂಬ ಆಕ್ಷೇಪ ಸುಳ್ಳಲ್ಲ. ಹಳೆಯದೆಲ್ಲ ಚಲೋ ಇತ್ತು ಎಂಬ ಮೆಲುಕು ಕೆಲವೆಡೆ ಅತಿಯಾಗುತ್ತದೆ. ಆದರೂ ಅವರ ಕಿವಿ ಎಂಥ ಕಿವಿ! ರತ್ನಾಗಿರಿಯ ಅಂತೂ ಬರ್ವಾನಿಗೆ ಕೊಂಕಣದ ವಕ್ರ ಮಾತು, ಪಾರಸಿ ಪೆಸ್ತನಕಾಕಾನಿಗೆ ಪಾರಸಿಯ ಮರಾಠಿ, ರಾವಸಾಹೇಬರಿಗೆ ಬೆಳಗಾವಿಯದು. ಮುಂಬಯಿಕರ, ಪುಣೇಕರ, ನಾಗಪುರಕರ ಇವರಲ್ಲಿ ನೀವು ಯಾರಾಗಬೇಕೆಂದು ಕೇಳುವ ಅವರ ಹರಟೆಯಂತೂ ಈ ಊರಿನ ಮನೆಮನೆಯಲ್ಲಿ ಬಾಯಿಪಾಠ. ಪುಣೇಕರನಾಗಬೇಕಾದರೆ ಜಗತ್ತಿನ ಯಾವ ವಿಷಯದ ಮೇಲಾದರೂ ಅಭಿಪ್ರಾಯ ಕೊಡಲು ಸದಾ ಸಿದ್ಧನಿರಬೇಕಂತೆ. ಆ ಪರೀಕ್ಷೆಯಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರು ಒಬ್ಬರೂ ನಪಾಸಾಗಲಾರರು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ರಾವಸಾಹೇಬರನ್ನು ಮೂರನೆಯ ಸಲ ಕೇಳುವಾಗ, ಬಸ್ಸು ಸ್ವಾರಗೇಟಿನ ಬಳಿ ನಿಂತಿದ್ದಾಗ, ಒಂದು ಸಂಗತಿ ತಲೆಗೆ ಹೊಳೆದು ಕೂತಲ್ಲೇ ಬೆವರಿದೆ. ಹನ್ನೆರಡು ವರ್ಷದ ಹಿಂದೆ ಸ್ನೇಹಸಮ್ಮೇಳನದಲ್ಲಿ ಆ ಸಹೋದ್ಯೋಗಿ ನಕಲು ಮಾಡಿದ್ದು ನನ್ನದಲ್ಲ! ಆ ಎಳೆತ ನನ್ನದಲ್ಲ, ಆ ತಲೆ ಅಲ್ಲಾಡಿಕೆಯೂ ನನ್ನದಲ್ಲ. ಅವರು ಮಾಡಿದ್ದು ರಾವಸಾಹೇಬರ ನಕಲು. ಅವರ ಮನೆಯಲ್ಲಿ ಕ್ಯಾಸೆಟ್ಟಿದ್ದಿರಬೇಕು. ನನ್ನನ್ನು ಅವರು ಸರಿಯಾಗಿ ಕೇಳಿಯೇ ಇರಲಿಲ್ಲ. ಇಷ್ಟು ವರ್ಷ ನಾನು ಯಾವ ಗಾಯವನ್ನು ಸವರಿಕೊಳ್ಳುತ್ತಿದ್ದೆನೋ ಅದು ಬೇರೊಬ್ಬರ ಹೆಸರಿಗೆ ಬಂದ ಟಪಾಲು.

ಹಾಗಾದರೆ ಅದೇ ನಕಲು ಪು.ಲ. ಬಾಯಲ್ಲಿ ಬಂದಾಗ ನಮ್ಮ ತಾಯಿಯವರು ಬತ್ತಿಯ ತಟ್ಟೆ ಕೆಳಗಿಟ್ಟು ಏಕೆ ನಕ್ಕರು? ನಾನು ಇದನ್ನು ಬಹಳ ಯೋಚಿಸಿದೆ. ಪು.ಲ. ಬೆಳಗಾವಿಯಲ್ಲಿ ಇದ್ದರು, ರಾವಸಾಹೇಬರ ಜತೆ ಕೂತೆದ್ದರು, ಅವರ ಬೈಗಳು ತಿಂದರು. ತಪ್ಪು ಮರಾಠಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬುದು ಆ ಹೇಳಿಕೆಯಲ್ಲಿ ಒಂದು ಗಳಿಗೆಯೂ ಮರೆಯಾಗುವುದಿಲ್ಲ. ಕೊನೆಯಲ್ಲಿ ರಾವಸಾಹೇಬರು ಇಲ್ಲವಾದ ಮಾತು ಬರುತ್ತದೆ. ಅಲ್ಲಿ ಪು.ಲ. ಧ್ವನಿ ಇಳಿಯುತ್ತದೆ, ಸಭೆಯಲ್ಲಿ ಉಸಿರಿನ ಸದ್ದೂ ಇಲ್ಲ. ಅಂದು ಮಾಸ್ತರರ ಮೊಬೈಲಿನಲ್ಲಿ ಆ ಭಾಗ ಬಂದಾಗ, ಒಂದು ಶಬ್ದವೂ ತಿಳಿಯದ ನಮ್ಮ ತಾಯಿಯವರು, “ಹೋಗಿಬಿಟ್ಟರೇನು ಅವರು?” ಎಂದು ನನ್ನನ್ನು ಕೇಳಿದರು. ಹೌದೆಂದೆ. ಬತ್ತಿ ಹೊಸೆಯುವುದನ್ನು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಸಹೋದ್ಯೋಗಿಯು ನನ್ನ ಮನೆಗೆ ಇಂದಿನ ತನಕ ಒಂದು ಕಪ್ಪು ಚಹಕ್ಕೂ ಬಂದವರಲ್ಲ. ಕರೆದಿರಲಿಲ್ಲವೆಂಬುದೂ ನಿಜ, ಲೆಕ್ಕ ಬರೆಯುವಾಗ ಎರಡೂ ಬರೆಯಬೇಕು.

ನಮ್ಮಲ್ಲಿಯೂ ಈ ವಿದ್ಯೆಯವರಿಗೆ ಬರವಿಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು, ಅಂದರೆ ರಾಯಸಂ ಭೀಮಸೇನರಾಯರು, ಪೊಲೀಸ್ ಇಲಾಖೆಯ ನ��ಕರಿಯಲ್ಲಿದ್ದುಕೊಂಡೇ ಇಡೀ ಕನ್ನಡನಾಡನ್ನು ನಗಿಸಿದರು. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟ ಸರಕಾರಿ ನೌಕರರು ಅವರೊಬ್ಬರೇ ಇರಬೇಕು. ಅವರ ಪುಸ್ತಕಗಳನ್ನು ಓದಿ ಬೆಳೆದ ಗಂಗಾವತಿ ಪ್ರಾಣೇಶರು ನಮ್ಮ ಕಡೆಯ ಮಾತನ್ನೇ ಬಂಡವಾಳ ಮಾಡಿಕೊಂಡು ವೇದಿಕೆ ಹತ್ತಿದರು. ಮೈಸೂರಿನ ಪ್ರೊಫೆಸರ್ ಕೃಷ್ಣೇಗೌಡರು ಮಂಡ್ಯದ ಸೀಮೆಯ ಮಾತಿನಿಂದ ನಗಿಸುತ್ತಾರೆ. ನಮ್ಮ ಮನೆಯಲ್ಲಿ ಇವರ ಧ್ವನಿ ಪ್ರತಿ ಭಾನುವಾರ ಕೇಳಿಸುತ್ತದೆ. ಆದರೆ ನಾನು ಎಣಿಸಿದೆ: ಮನೆ ಬಿಟ್ಟು ಬಂದವನ, ಎರಡು ಭಾಷೆಗಳ ನಡುವೆ ಕಾಲು ಜಾರಿದವನ ಮಾತನ್ನು ಹೀಗೆ ತುಂಬ ಪ್ರೀತಿಯಿಂದ ಹಿಡಿದಿಟ್ಟದ್ದು ಕನ್ನಡದಲ್ಲಿ ನನಗೆ ಥಟ್ಟನೆ ನೆನಪಾಗಲಿಲ್ಲ. ಅದನ್ನು ಮಾಡಿದವರು ಮರಾಠಿಯವರೊಬ್ಬರು. ನಮ್ಮನ್ನು ಕುರಿತು ನಾವೇ ಬರೆದುಕೊಳ್ಳಬೇಕಾದ ಬಾಕಿಯೊಂದು ಉಳಿದಿದೆಯೆಂದು ಅನ್ನಿಸಿತು.

ಬಾಕಿಯ ಮಾತಿನಿಂದ ಮಗಳ ಕಡೆಗೆ. ನವೆಂಬರದ ರಾಜ್ಯೋತ್ಸವಕ್ಕೆ ನಮ್ಮ ಸಂಘದಲ್ಲಿಯೂ ಮಕ್ಕಳ ಕಾರ್ಯಕ್ರಮ ಉಂಟಷ್ಟೆ. ಒಂದು ರಾತ್ರಿ ಅವಳು ಬಂದು ನನ್ನ ಮುಂದೆ ನಿಂತಳು. ತಾಯಿ ಏನೋ ಹೇಳಿರಬೇಕು, ಎಂದಿನ ಜಂಬವಿರಲಿಲ್ಲ.

“ಅಪ್ಪಾ, ಅದನ್ನ ಕನ್ನಡದಾಗ ಮಾಡಲೇನು? ನಿನಗ ಬ್ಯಾಡಾದ್ರ ಬ್ಯಾಡ.”

“ಕನ್ನಡದಾಗ ನನ್ನ ಮರಾಠಿಗೆ ಯಾರು ನಗತಾರ? ಅಲ್ಲಿ ಕೂತವ್ರದೆಲ್ಲಾ ಅದೇ ಮರಾಠಿ.”

ಅವಳು ವಿಚಾರ ಮಾಡಿದಳು. ಅಷ್ಟರಲ್ಲಿ ಕೆಳಗೆ ಶಾಲೆಯ ಗೆಳತಿಯನ್ನು ಇಳಿಸಲು ವಾಹನ ಬಂದ ಸದ್ದು ಕೇಳಿ ಕಿಟಕಿಗೆ ಓಡಿ, “ಬಸ್ ಬಂದ್ಲು! ಬಸ್ ಬಂದ್ಲು!” ಎಂದು ಕೂಗಿದಳು.

ನಮ್ಮ ತಾಯಿಯವರು ಅಡಿಗೆಮನೆಯಿಂದ, “ಯಾರವಾ ಬಂದಾಕಿ?” ಎಂದು ಕೇಳಿದರು.

ಮರಾಠಿಯಲ್ಲಿ ಬಸ್ಸು ಹೆಂಗಸು. ನಮ್ಮ ಮಗಳು ಅವಳನ್ನು ಹಾಗೆಯೇ ಮರ್ಯಾದೆಯಿಂದ ಕನ್ನಡಕ್ಕೆ ಕರೆತಂದಿದ್ದಳು. ನಾನು ಸಾಹೇಬರನ್ನು ಹೆಣ್ಣು ಮಾಡಿದ್ದೆ; ಅವಳು ಬಸ್ಸನ್ನು ಹೆಣ್ಣು ಮಾಡಿದಳು. ಅಂದು ನಾನು ನಕ್ಕದ್ದು ಹಲ್ಲು ತೋರಿಸುವ ನಗೆಯಲ್ಲವೆಂದು ನಮ್ಮಾಕೆ ಪ್ರಮಾಣ ಮಾಡಿ ಹೇಳಬಲ್ಲಳು. ಮಗಳ ಮುಖ ಮೊದಲು ಸಣ್ಣದಾಯಿತು. “ನಗಬ್ಯಾಡ ಅಪ್ಪಾ” ಎಂದಳು. ನಾನು ಅವಳನ್ನು ಹತ್ತಿರ ಕೂರಿಸಿಕೊಂಡು, ಸ್ನೇಹಸಮ್ಮೇಳನದ ಸಂಗತಿಯನ್ನು ಮೊದಲ ಸಲ ಹೇಳಿದೆ; ಊಟ ಸೇರದ ರಾತ್ರಿಯನ್ನೂ, ಹಿಂದಿಯ ವರ್ಷವನ್ನೂ. ಅವಳು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಎದ್ದು ಹೋಗಿ ವಹಿ ಪೆನ್ಸಿಲು ತಂದಳು.

ಈಗ ಐದು ನಿಮಿಷದ ಆ ಕಾರ್ಯಕ್ರಮ ಇಬ್ಬರದಾಗಿದೆ. ಅವಳ ಕನ್ನಡ, ನನ್ನ ಮರಾಠಿ. ಪ್ರತಿರಾತ್ರಿ ಊಟವಾದ ಮೇಲೆ ತಾಲೀಮು. ಅವಳು ನಿಲ್ಲುತ್ತಾಳೆ, ನಾನು ತಿದ್ದುತ್ತೇನೆ. ಏಕೆಂದರೆ ಅವಳು ಮಾಡುವ ನನ್ನ ನಕಲಿನಲ್ಲಿ ಪುಣೆಯ ನಯ ನುಸುಳಿಬಿಡುತ್ತದೆ. “ಸಾಹೇಬ ಆಲೀ” ಎಂಬುದರ ಕೊನೆಯ ಅಕ್ಷರವನ್ನು ಎಷ್ಟು ಎಳೆಯಬೇಕೆಂಬುದು ಈ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು. ನಿನ್ನೆ ರಾತ್ರಿ ವಹಿಯ ಮೇಲೆ ಪೆನ್ಸಿಲು ಹಿಡಿದು, ಗಂಭೀರವಾಗಿ ಕೇಳಿದಳು:

“ಅಪ್ಪಾ, ನಿನ್ನ ಮರಾಠಿಯೊಳಗ ಖುರ್ಚಿ ಗಂಡಸೋ ಹೆಂಗಸೋ?”

“ದಿನಾ ಬದಲಾಗತದ,” ಎಂದೆ. “ಹಂಗ ಬರಕೋ.”